ಮೂಗು ಹಿಡಿಸಿ ಹೊಡೆಸಿದ ಪಾಠ

ನಿಮ್ಮಲ್ಲಿ ನಲವತ್ತು ದಾಟಿದವರು ಈ ಶಿಕ್ಷೆಯನ್ನು ಕಂಡೇ ಇರುತ್ತೀರಿ. ಮೇಷ್ಟರು ಬಾಯಿಲೆಕ್ಕವೊಂದನ್ನು ಕೇಳುತ್ತಾರೆ. ಮೊದಲನೆಯವನಿಗೆ ಬರುವುದಿಲ್ಲ, ಎರಡನೆಯವನಿಗೂ ಬರುವುದಿಲ್ಲ. ಐದನೆಯವನು ಸರಿಯುತ್ತರ ಹೇಳುತ್ತಾನೆ. ಆಗ ಆ ಐದನೆಯವನು ಮೊದಲ ನಾಲ್ವರ ಮೂಗನ್ನು ಎಡಗೈಯಿಂದ ಹಿಡಿದು ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಸ್ನೇಹಿತನೆಂದು ಮೆಲ್ಲಗೆ ಹೊಡೆದರೆ ಹೊಡೆದವನಿಗೇ ಮೇಷ್ಟರ ಏಟು. ಉತ್ತರ ಹೇಳಿದವಳು ಹುಡುಗಿಯಾಗಿದ್ದು ಹೊಡೆಸಿಕೊಳ್ಳುವವನು ಹುಡುಗನಾಗಿದ್ದರೆ ಇಡೀ ತರಗತಿಗೆ ಅಂದು ಹಬ್ಬ. ತುಮಕೂರು ಪೇಟೆಯ ಶಾಲೆಯಾಗಲಿ, ಗುಬ್ಬಿಯ ತೆಂಗಿನ ತೋಟಗಳ ನಡುವಣ ಶಾಲೆಯಾಗಲಿ, ಕುಣಿಗಲ್ ಸೀಮೆಯ ಏಕೋಪಾಧ್ಯಾಯ ಶಾಲೆಯಾಗಲಿ, ಕನ್ನಡ ನಾಡಿನ ಉದ್ದಗಲಕ್ಕೂ ಪರಿಚಿತವಾಗಿದ್ದ ಶಿಕ್ಷೆಯಿದು.

ಮದುವೆಯ ಮನೆಯಲ್ಲಿ ಹಳೆಯ ಸಹಪಾಠಿಗಳು ಕೂಡಿದಾಗ ಈ ಕಥೆ ನಗೆಯೊಡನೆ ಹೊರಬರುತ್ತದೆ. ಆ ನಗೆಯನ್ನು ಒಮ್ಮೆ ಗಮನವಿಟ್ಟು ನೋಡಿರಿ. ದೊಡ್ಡದಾಗಿ ನಗುವವರು ಸಾಮಾನ್ಯವಾಗಿ ಹೊಡೆದವರು. ಎಂದೋ ಒಂದು ದಿನ ಹೊಡೆಸಿಕೊಂಡವನೂ ಜೊತೆಗೂಡಿ ನಕ್ಕಾನು. ಆದರೆ ದಿನವೂ ಉತ್ತರ ಬಾರದ ಒಬ್ಬ ಹುಡುಗನಿದ್ದನಲ್ಲ, ನಾಲ್ಕು ವರ್ಷಗಳ ಕಾಲ ಮಧ್ಯಾಹ್ನದ ಹೊತ್ತಿಗೆ ಯಾರದಾದರೂ ಕೈ ಅವನ ಮೂಗಿನ ಮೇಲಿರುತ್ತಿತ್ತಲ್ಲ, ಅವನು ಆ ಗುಂಪಿನಲ್ಲಿ ಕಾಣುವುದು ಅಪರೂಪ. ಅವನು ಇಪ್ಪತ್ತೈದರ ಯುವಕನಾದಾಗ ಏನಾದನೆಂಬುದು ನಮ್ಮ ಸಂಭಾಷಣೆಗಳಲ್ಲಿ ಬಾರದ ವಿಷಯ. ಈ ಬರೆಹ ಆ ಹುಡುಗನನ್ನು ಕುರಿತದ್ದು.

ಶಿಕ್ಷೆಯ ಈ ಪದ್ಧತಿ ಸರ್ಕಾರಿ ಶಾಲೆಗಳು ಹುಟ್ಟುವುದಕ್ಕಿಂತ ಹಿಂದಿನದು. ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕಾಲದಲ್ಲಿ ಕೋದಂಡವೆಂಬ ಶಿಕ್ಷೆಯಿತ್ತು. ಸೂರಿನ ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಹುಡುಗನು ಕಾಲು ನೆಲಕ್ಕೆ ತಾಗದಂತೆ ಜೋತಾಡಬೇಕು; ಉಳಿದವರು ಮಗ್ಗಿ ಹೇಳುತ್ತಾ ಅದನ್ನು ನೋಡಬೇಕು. ಬಸ್ಕಿ, ಕುಕ್ಕರುಗಾಲು, ಬೆಂಚಿನ ಮೇಲೆ ನಿಲ್ಲಿಸುವುದು ಇವೆಲ್ಲವೂ ಅದರ ನಂತರದ ತಲೆಮಾರುಗಳು. ಇವುಗಳಲ್ಲಿ ಮೈಗೆ ಆಗುವ ನೋವು ಸಂಜೆಯೊಳಗೆ ಮಾಯುತ್ತದೆ. ಆದರೆ ಇವೆಲ್ಲಕ್ಕೂ ನೋಟಕರು ಬೇಕು ಎಂಬುದನ್ನು ಗಮನಿಸಬೇಕು. ಅವಮಾನವು ಸಭೆಯಿಲ್ಲದೆ ನಡೆಯುವುದಿಲ್ಲ. ಮೂಗು ಹಿಡಿಸುವ ಶಿಕ್ಷೆಯಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಸಭೆಯ ಮಕ್ಕಳ ಕೈಗೇ ಏಟಿನ ಅಧಿಕಾರವನ್ನು ಕೊಟ್ಟುಬಿಟ್ಟಿತು. ತರಗತಿಯಲ್ಲಿ ಆ ಅಧಿಕಾರದ ರುಚಿ ಕಂಡ ಹುಡುಗ ಗಂಟೆ ಬಾರಿಸಿದ ಮೇಲೆ ಆಟದ ಬಯಲಿನಲ್ಲಿ ಅದನ್ನು ಮುಂದುವರಿಸಿದರೆ ಆಶ್ಚರ್ಯವೇನಿದೆ?

ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಎಂದು ಕರೆಯುವ ಈ ನಡವಳಿಕೆಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಹೆಸರಿಲ್ಲವೆಂದರೆ ಸಂಗತಿಯೂ ಇಲ್ಲವೆಂದಲ್ಲ. ಹೆಸರುಗಳು ಹೆಚ್ಚಾಗಿಯೇ ಇವೆ. ಅಣಕಿಸುವುದು, ಆಡಿಕೊಳ್ಳುವುದು, ಗೇಲಿ ಮಾಡುವುದು, ರೇಗಿಸುವುದು, ಚುಡಾಯಿಸುವುದು, ಹಂಗಿಸುವುದು, ಹೀಯಾಳಿಸುವುದು. ಇವುಗಳ ನಡುವೆ ಗೋಳುಹೊಯ್ದುಕೊಳ್ಳುವುದು ಎಂಬ ಮಾತು ನನಗೆ ಎಲ್ಲಕ್ಕಿಂತ ಸತ್ಯವಾಗಿ ಕಾಣುತ್ತದೆ. ಅದರ ಕೊನೆಯಲ್ಲಿರುವ ‘ಕೊಳ್ಳು’ ಎಂಬ ಪದವನ್ನು ನೋಡಿರಿ: ಇನ್ನೊಬ್ಬನ ಗೋಳಿನಿಂದ ತನಗಾಗಿ ಏನನ್ನೋ ಪಡೆದುಕೊಳ್ಳುವವನ ಕ್ರಿಯೆ ಅದು. ನಾರ್ವೆ ದೇಶದಲ್ಲಿ ನೆಲೆಸಿದ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅವರು 1970ರ ದಶಕದಿಂದ ಇದನ್ನು ಅಧ್ಯಯನ ಮಾಡುತ್ತಾ ಮೂರು ಗುರುತುಗಳನ್ನು ಹೇಳಿದರು. ನೋಯಿಸುವ ಉದ್ದೇಶವಿರಬೇಕು, ಅದು ಮರುಕಳಿಸಬೇಕು, ನೋಯಿಸುವವನಿಗೂ ನೋಯುವವನಿಗೂ ಬಲದ ಅಂತರವಿರಬೇಕು. ಸಮಬಲರ ಜಗಳ ಇದಲ್ಲ. ನಮ್ಮ ಹಳ್ಳಿಯ ಅಜ್ಜಿ ‘ಆ ಮಗೂನ ಯಾಕೆ ಹಿಂಗೆ ಗೋಳುಹೊಯ್ಕೊತೀರೋ’ ಎಂದು ಗದರಿದಾಗ ಈ ಮೂರು ಗುರುತುಗಳೂ ಆ ಒಂದು ಮಾತಿನಲ್ಲಿರುತ್ತಿದ್ದವು.

ಈಗ ಗುಬ್ಬಿಯ ಕಡೆಗೆ ಬರೋಣ. ವೆಸ್ಲಿಯನ್ ಮಿಷನ್ನಿನವರು 1830ರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಿಂದ ಹೊರಟು, ಅಡಕೆ ಸಂತೆಗೆ ಹೆಸರಾದ ಆ ಊರಿನಲ್ಲಿ ಕನ್ನಡ ಸೇವೆಯ ಠಾಣೆಯನ್ನು ಕಟ್ಟಿದರು. ಥಾಮಸ್ ಹಾಡ್ಸನ್ ಅವರ ಹೆಸರು ಈ ಆರಂಭದೊಡನೆ ಸೇರಿದೆ. 1839ರಲ್ಲಿ ಇಪ್ಪತ್ತರ ಹರೆಯದ ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ ಅಲ್ಲಿಗೆ ಬಂದರು; ಎರಡೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು, ದೃಷ್ಟಿ ಮಂದವಾಗಿ ಹಿಂದಿರುಗಬೇಕಾಯಿತು. ಆದರೂ ಆ ಎರಡು ವರ್ಷಗಳ ನೆನಪಿನಿಂದ 1847ರಲ್ಲಿ ಅವರು ಪ್ರಕಟಿಸಿದ ಮೈಸೂರು ಮಿಷನ್ನಿನ ಪುಸ್ತಕದಿಂದ ಗುಬ್ಬಿಯ ಹೆಸರು ಇಂಗ್ಲೆಂಡಿನ ಮನೆಗಳನ್ನು ತಲಪಿತು. ಈ ಮಿಷನರಿಗಳೊಡನೆ ಶಾಲೆಯೂ ಬಂತು. ಶಾಲೆಯೊಡನೆ ಶಾಲೆಯ ನೆನಪುಗಳೂ ಬಂದಿರಲೇಬೇಕು, ಏಕೆಂದರೆ ಅವರ ದೇಶದ ಶಾಲೆಗಳೇನೂ ಕೋದಂಡದ ಕೂಲಿಮಠಗಳಿಗಿಂತ ಮೃದುವಾಗಿರಲಿಲ್ಲ.

ಅವರ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರ ಬಾಲ್ಯವನ್ನೇ ನೋಡಿರಿ. 1714ರಲ್ಲಿ ಹತ್ತು ವರ್ಷದ ಬಾಲಕನಾಗಿ ಅವರು ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಗೆ ಸೇರಿದರು. ಅಲ್ಲಿ ದೊಡ್ಡ ಹುಡುಗರು ಚಿಕ್ಕವರ ತಟ್ಟೆಯ ಮಾಂಸವನ್ನು ಕಿತ್ತುಕೊಳ್ಳುತ್ತಿದ್ದುದರಿಂದ ವರ್ಷಗಟ್ಟಲೆ ಅವರು ಹೆಚ್ಚುಕಡಿಮೆ ರೊಟ್ಟಿಯಿಂದಲೇ ಹೊಟ್ಟೆ ಹೊರೆದರು. ಮುಂದೆ ವೆಸ್ಲಿಯವರು ಇದನ್ನು ಕಹಿಯಿಲ್ಲದೆ, ತಮ್ಮ ಆರೋಗ್ಯಕ್ಕೆ ಅದೇ ಒಳ್ಳೆಯದಾಯಿತೆಂಬಂತೆ ನೆನೆದರು. ಆದರೆ 1748ರಲ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನಲ್ಲಿ ತಾವೇ ಶಾಲೆ ತೆರೆದಾಗ, ಮಕ್ಕಳು ಹಗಲೂ ರಾತ್ರಿಯೂ ಉಪಾಧ್ಯಾಯರ ಕಣ್ಣಳತೆಯಲ್ಲೇ ಇರಬೇಕು, ಆಟವೇ ಕೂಡದು ಎಂಬ ನಿಯಮ ಮಾಡಿದರು. ಮಕ್ಕಳನ್ನು ಮಕ್ಕಳಿಂದ ಕಾಪಾಡಲು ಆಟವನ್ನೇ ಕಿತ್ತುಕೊಳ್ಳುವುದು ಮದ್ದಲ್ಲವೆಂದು ಯಾವ ತಾಯಿಯಾದರೂ ಹೇಳಬಲ್ಲಳು.

ವೆಸ್ಲಿಯವರಂತೆ ಎಲ್ಲರೂ ಗಟ್ಟಿಯಾಗಿ ಹೊರಬರುವುದಿಲ್ಲ. ಕೀರ್ತನಕಾರ ವಿಲಿಯಂ ಕೂಪರ್ ಹೊರಬರಲಿಲ್ಲ. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಆ ಮಗುವನ್ನು 1737ರ ಸುಮಾರಿಗೆ ವಸತಿ ಶಾಲೆಯೊಂದಕ್ಕೆ ಸೇರಿಸಿದರು. ಅಲ್ಲಿ ಸುಮಾರು ಹದಿನೈದು ವರ್ಷದ ಹುಡುಗನೊಬ್ಬ ಇವನನ್ನೇ ಆರಿಸಿಕೊಂಡು ಗುಟ್ಟಾಗಿ ಹಿಂಸಿಸುತ್ತಾ ಬಂದ. ಕೂಪರ್ ನಡುವಯಸ್ಸಿನಲ್ಲಿ ಬರೆದ ಆತ್ಮಕಥನದಲ್ಲಿ ಆ ಹುಡುಗನ ಮುಖದ ವರ್ಣನೆಯಿಲ್ಲ. ತಲೆಯೆತ್ತಿ ನೋಡುವ ಧೈರ್ಯವೇ ಇರದಿದ್ದ ಆ ಮಗುವಿಗೆ ಚೆನ್ನಾಗಿ ನೆನಪುಳಿದದ್ದು ಅವನ ಪಾದರಕ್ಷೆಯ ಬಕ್ಕಲ್ಲು. ಕೊನೆಗೆ ವಿಷಯ ಬಯಲಾಗಿ ಆ ಹುಡುಗನನ್ನು ಶಾಲೆಯಿಂದ ಹೊರಹಾಕಿದರು. ಇವನನ್ನೂ ಅಲ್ಲಿಂದ ಬಿಡಿಸಿದರು. ಹಿರಿಯರ ಲೆಕ್ಕದಲ್ಲಿ ಪ್ರಕರಣ ಮುಗಿಯಿತು.

ಕೂಪರನ ಲೆಕ್ಕದಲ್ಲಿ ಮುಗಿಯಲಿಲ್ಲ. ಇಪ್ಪತ್ತೊಂದರ ಸುಮಾರಿಗೆ, ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ, ಅವನನ್ನು ಮೊದಲ ಬಾರಿ ಘೋರವಾದ ಖಿನ್ನತೆ ಕವಿಯಿತು. 1763ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಬ್ರಿಟನ್ನಿನ ಪ್ರಭುಗಳ ಸಭೆಯಲ್ಲಿ ಒಳ್ಳೆಯ ಹುದ್ದೆಯೊಂದು ಕೈಗೆ ಬಂದಿತ್ತು. ಆದರೆ ಅದಕ್ಕಾಗಿ ಸಭೆಯ ಮುಂದೆ ನಿಂತು ಪರೀಕ್ಷೆ ಕೊಡಬೇಕಿತ್ತು. ಎಲ್ಲರೂ ನೋಡುತ್ತಿರುವಾಗ ಎದ್ದು ನಿಂತು ಉತ್ತರ ಹೇಳಬೇಕೆಂಬ ಆ ಒಂದು ಭಯವೇ ಅವನನ್ನು ಪ್ರಾಣ ತೆಗೆದುಕೊಳ್ಳುವ ಪ್ರಯತ್ನದವರೆಗೆ ಒಯ್ದಿತು. ಮುಂದಿನ ಹದಿನೆಂಟು ತಿಂಗಳು ಸೇಂಟ್ ಆಲ್ಬನ್ಸ್‌ನ ವೈದ್ಯ ನೆಥಾನಿಯಲ್ ಕಾಟನ್ ಅವರ ಆರೈಕೆಯಲ್ಲಿ ಕಳೆದವು. ಇದೆಲ್ಲಕ್ಕೂ ಬಾಲ್ಯದ ಪೀಡನೆಯೊಂದೇ ಕಾರಣವೆಂದು ಹೇಳಲಾಗದು. ತಾಯಿಯ ಸಾವಿತ್ತು, ಹುಟ್ಟಿನಿಂದ ಬಂದ ಮೃದು ಸ್ವಭಾವವಿತ್ತು. ಆದರೂ ಕೂಪರ್ ತಾನೇ ತನ್ನ ಬದುಕಿನ ಕಥೆಯನ್ನು ಹೇಳಲು ಕುಳಿತಾಗ ಆ ಬಕ್ಕಲ್ಲನ್ನು ಬಿಡಲಾಗಲಿಲ್ಲ. 1785ರಲ್ಲಿ ಅವನು ಪ್ರಕಟಿಸಿದ ದೀರ್ಘ ಕವನವೊಂದರ ವಸ್ತುವೇ ಶಾಲೆಗಳ ವಿಮರ್ಶೆ. ಮಕ್ಕಳನ್ನು ದೂರದ ಶಾಲೆಗೆ ತಳ್ಳಬೇಡಿ, ಮನೆಯ ಹತ್ತಿರವೇ ಬೆಳೆಸಿರಿ ಎಂಬುದು ಅದರ ಬೇಡಿಕೆ.

ಮನೆಯೇ ಇಲ್ಲದ ಮಕ್ಕಳ ಗತಿಯೇನು? ಈ ಪ್ರಶ್ನೆ ತುಮಕೂರಿಗೆ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಂತು. 1871ರಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ವೆಸ್ಲಿಯನ್ ಮಿಷನ್ನಿನವರು ಹುಡುಗರಿಗಾಗಿ ತುಮಕೂರಿನಲ್ಲಿಯೂ ಹುಡುಗಿಯರಿಗಾಗಿ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ಆ ಮಕ್ಕಳಿಗೆ ಅನ್ನವೂ ಅಕ್ಷರವೂ ಕಸಬೂ ದೊರೆತವು. ಅನ್ನಕ್ಕಾಗಿ ಮತ ಬಿಟ್ಟವರು ಎಂಬ ಮೂದಲಿಕೆ ಆ ಕ್ಷಾಮದ ನಂತರ ದಕ್ಷಿಣ ಭಾರತದುದ್ದಕ್ಕೂ ಕೇಳಿಬಂದ ಮೂದಲಿಕೆ. ನಮ್ಮ ಸಭೆಗಳ ಹಿರಿಯ ಕುಟುಂಬಗಳಲ್ಲಿ ಅದನ್ನು ಕೇಳದವರು ಕಡಿಮೆ. ಹಸಿದು ಸಾಯಲಿದ್ದ ಮಗುವನ್ನು ಅದು ಉಂಡ ಅನ್ನದ ಹೆಸರಿನಿಂದಲೇ ಹಂಗಿಸಬಲ್ಲ ನಾಲಗೆಯನ್ನು ಏನೆನ್ನೋಣ? ಹಾಗೆಂದು ನಾವು ಬರೀ ಮೂದಲಿಕೆಗೆ ಗುರಿಯಾದವರೇ ಎಂದು ಬರೆದುಕೊಂಡರೆ ಚರಿತ್ರೆ ಅರ್ಧವಾಗುತ್ತದೆ. ಸಭೆಯೊಳಗೂ ಮೂಲಜಾತಿಯನ್ನು ಕೆದಕಿ ಕೇಳುವವರಿದ್ದರು, ಇದ್ದಾರೆ. ಸಂಡೇ ಶಾಲೆಯ ಮಕ್ಕಳಿಗೂ ಅಡ್ಡಹೆಸರುಗಳು ಗೊತ್ತು.

ಜಾತಿಯ ಮಾತು ಬಂದಾಗ ಸಹಪಾಠಿಯ ಗೇಲಿಗೆ ಇಡೀ ಊರಿನ ಬಲ ಸೇರಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಪಂಚಮರೆಂದು ಕರೆಯಲಾಗುತ್ತಿದ್ದ ಸಮುದಾಯಗಳ ಮಕ್ಕಳಿಗೆ ಬೇರೆ ಶಾಲೆಗಳನ್ನೇ ತೆರೆಯಬೇಕಾಯಿತು. ಎಲ್ಲರ ಶಾಲೆ ಎಲ್ಲರಿಗೂ ತೆರೆಯಲು ಮುಂದಿನ ಶತಮಾನದ ಆದೇಶಗಳು ಬೇಕಾದವು. ಬಾಗಿಲು ತೆರೆದ ಮೇಲೂ ಮಣೆ ಬೇರೆಯಿತ್ತು, ನೀರಿನ ಲೋಟ ಬೇರೆಯಿತ್ತು. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿಯ ಮೇಲೆ ಬೇರೆ ಕುಳಿತದ್ದು, ಜವಾನ ಬಂದು ಮೇಲಿನಿಂದ ನೀರು ಹೊಯ್ಯದಿದ್ದರೆ ಬಾಯಾರಿಕೊಂಡೇ ಇದ್ದದ್ದು ನಿಮಗೆ ಗೊತ್ತು. ಮುಂಬಯಿಯ ಪ್ರೌಢಶಾಲೆಯಲ್ಲಿ ಅವರನ್ನು ಕಪ್ಪುಹಲಗೆಗೆ ಕರೆದಾಗ ಸಹಪಾಠಿಗಳು ಹಲಗೆಯ ಹಿಂದಿಟ್ಟ ಬುತ್ತಿಗಳನ್ನು ಎತ್ತಿಕೊಳ್ಳಲು ಓಡಿದರೆಂಬ ಘಟನೆ ಅವರ ಜೀವನಚರಿತ್ರೆಯಲ್ಲಿದೆ. ಓಡಿದವರು ಹಿರಿಯರಲ್ಲ, ಅವರ ವಯಸ್ಸಿನ ಮಕ್ಕಳು. ನಮ್ಮ ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟರು. ಸರ್ಕಾರದ ಸವಲತ್ತು ಪಡೆದು ಓದುವ ದಲಿತ ಹುಡುಗರನ್ನು ಚುಚ್ಚುವ ಮಾತನ್ನೇ ಅವರು ಪುಸ್ತಕದ ಹಣೆಯ ಮೇಲೆ ಬರೆದರು. ಕುಣಿಗಲ್ಲಿಗೆ ನೆರೆಯ ಮಾಗಡಿಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಇಂಥದೇ ಬಾಲ್ಯವನ್ನು ನಗುನಗುತ್ತಲೇ ಹೇಳಿದರು. ಇವರು ಬರೆಯಬಲ್ಲವರಾದುದರಿಂದ ನಮಗೆ ತಿಳಿಯಿತು. ಅವರ ಪಕ್ಕದಲ್ಲಿ ಕುಳಿತಿದ್ದು ಆರನೆಯ ತರಗತಿಗೇ ಶಾಲೆ ಬಿಟ್ಟವರ ಆತ್ಮಕಥೆ ಯಾವ ಗ್ರಂಥಾಲಯದಲ್ಲಿಯೂ ಸಿಗುವುದಿಲ್ಲ.

ಜಗತ್ತು ಈ ವಿಷಯವನ್ನು ಶಾಸ್ತ್ರೀಯವಾಗಿ ಅಳೆಯತೊಡಗಿದ್ದು ತೀರ ಈಚೆಗೆ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ತೀವ್ರ ಪೀಡನೆಯೇ ಕಾರಣವಿರಬೇಕೆಂದು ತಿಳಿದುಬಂತು. ಮರುವರ್ಷವೇ ಆ ದೇಶ ರಾಷ್ಟ್ರವ್ಯಾಪಿ ಆಂದೋಲನವನ್ನು ಆರಂಭಿಸಿತು. ಬೆರ್ಗನ್ ನಗರದ 42 ಶಾಲೆಗಳಲ್ಲಿ ಓಲ್ವೇಯಸ್ ಅವರು ನಡೆಸಿದ ಕಾರ್ಯಕ್ರಮದಿಂದ ಎರಡು ವರ್ಷಗಳಲ್ಲಿ ಪೀಡನೆ ಅರ್ಧಕ್ಕರ್ಧ ಇಳಿಯಿತು. ಪೀಡಿಸಿದವರನ್ನೂ ಅವರು ಮರೆಯಲಿಲ್ಲ. ಶಾಲೆಯಲ್ಲಿ ಇತರರನ್ನು ಪೀಡಿಸುವವರೆಂದು ಗುರುತಿಸಲ್ಪಟ್ಟಿದ್ದ ಹುಡುಗರಲ್ಲಿ ಶೇಕಡ 60ರಷ್ಟು ಮಂದಿ 24ರ ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಿಂದ ಶಿಕ್ಷೆಗೊಳಗಾಗಿದ್ದರು. ಅಂದರೆ ‘ನಮ್ಮ ಹುಡುಗ ಹೊಡೆಯುವವನು, ಹೊಡೆಸಿಕೊಳ್ಳುವವನಲ್ಲ’ ಎಂದು ಮೀಸೆ ತಿರುವುವ ತಂದೆಗೂ ಇಲ್ಲಿ ಚಿಂತೆಗೆ ಕಾರಣವಿದೆ.

2013ರಲ್ಲಿ ಅಮೆರಿಕದ ವಿಲಿಯಂ ಕೋಪ್‌ಲ್ಯಾಂಡ್ ಮತ್ತು ಸಂಗಡಿಗರು, ಉತ್ತರ ಕೆರೋಲಿನಾ ಪ್ರಾಂತದ 1,420 ಮಕ್ಕಳನ್ನು ಇಪ್ಪತ್ತರ ವಯಸ್ಸು ದಾಟುವವರೆಗೆ ಹಿಂಬಾಲಿಸಿದ ಫಲವನ್ನು ಪ್ರಕಟಿಸಿದರು. ಬಾಲ್ಯದಲ್ಲಿ ಪೀಡನೆಗೊಳಗಾದವರಲ್ಲಿ ಯೌವನದ ಆತಂಕ ರೋಗಗಳು ಹೆಚ್ಚಾಗಿದ್ದವು. ಬಡತನ, ಮನೆಯ ಕಲಹ ಮೊದಲಾದ ಇತರ ಕಾರಣಗಳನ್ನು ಕಳೆದ ಮೇಲೂ ಈ ವ್ಯತ್ಯಾಸ ಉಳಿಯಿತು. ತಾವೂ ಪೀಡಿಸಿ, ತಾವೂ ಪೀಡಿತರಾದವರ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. 2014ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ಇನ್ನೂ ದೀರ್ಘವಾದುದು. 1958ರ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ 7,771 ಮಂದಿಯನ್ನು ಕುರಿತು, ಅವರಿಗೆ 7 ಮತ್ತು 11 ವರ್ಷವಾಗಿದ್ದಾಗ ತಂದೆತಾಯಿಗಳು ಹೇಳಿದ್ದ ಮಾಹಿತಿಯನ್ನು ಅವರ 50ನೆಯ ವಯಸ್ಸಿನವರೆಗಿನ ಬದುಕಿನೊಡನೆ ಹೋಲಿಸಲಾಯಿತು. ಪದೇ ಪದೇ ಪೀಡನೆಗೊಳಗಾಗಿದ್ದವರಲ್ಲಿ ಖಿನ್ನತೆ, ಆತಂಕ, ಸಾವಿನ ಯೋಚನೆ ಹೆಚ್ಚು, ಸ್ನೇಹಿತರು ಕಡಿಮೆ, ಕಷ್ಟದ ಹೊತ್ತಿನಲ್ಲಿ ನೆಚ್ಚಬಹುದಾದ ಜನ ಕಡಿಮೆ. ನಲವತ್ತು ವರ್ಷ ಕಳೆದರೂ ಆಟದ ಬಯಲಿನ ಧೂಳು ಮೈಬಿಟ್ಟಿರಲಿಲ್ಲ.

ಈ ಅಂಕಿಗಳನ್ನು ಓದುವಾಗ ನಮ್ಮ ಯುವಕರನ್ನು ನೆನೆಯಿರಿ. ತುಮಕೂರಿನಿಂದ ಮುಂಜಾನೆಯ ರೈಲಿನಲ್ಲಿ, ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರನ್ನು. ಅವರಲ್ಲಿ ಕಚೇರಿಯ ಸಭೆಯಲ್ಲಿ ಉತ್ತರ ಗೊತ್ತಿದ್ದೂ ಬಾಯಿಬಿಡದ ಯುವತಿಯಿರುತ್ತಾಳೆ. ಹಿಂದೆ ಯಾರೋ ನಕ್ಕರೆ ತನ್ನನ್ನೇ ಕುರಿತು ನಕ್ಕರೆಂದು ಬೆನ್ನು ಬಿಗಿಹಿಡಿಯುವ ಯುವಕನಿರುತ್ತಾನೆ. ಆರು ತಿಂಗಳಿಗೊಂದು ಕೆಲಸ ಬಿಡುವವನನ್ನು ನಾವು ‘ನಿಲ್ಲುವ ಗುಣವಿಲ್ಲ’ ಎನ್ನುತ್ತೇವೆ. ಯಾರೊಡನೆಯೂ ಬೆರೆಯದವಳನ್ನು ‘ಜಂಬ’ ಎನ್ನುತ್ತೇವೆ. ಮದುವೆಯ ಮಾತೆತ್ತಿದರೆ ಕೋಣೆ ಸೇರುವವನನ್ನು ‘ಹಟಮಾರಿ’ ಎನ್ನುತ್ತೇವೆ. ಎಲ್ಲರ ಹಿಂದೆಯೂ ಒಂದೇ ಕಥೆಯಿರುತ್ತದೆಂದು ಹೇಳುತ್ತಿಲ್ಲ. ಆದರೆ ನಾವು ಗುಣದೋಷವೆಂದು ಹೆಸರಿಟ್ಟದ್ದು ಗಾಯವಾಗಿರಬಹುದೇ ಎಂದು ಒಮ್ಮೆಯೂ ವಿಚಾರಿಸುವುದಿಲ್ಲವೆಂಬುದು ನಿಜ. ನಮ್ಮ ಕಾಲದ ಪೀಡನೆ ಶಾಲೆಯ ಗೇಟಿನಲ್ಲಿ ನಿಲ್ಲುತ್ತಿತ್ತು. ಮನೆಯ ಹಜಾರ ಸುರಕ್ಷಿತವಾಗಿತ್ತು. ಇಂದು ತರಗತಿಯ ವಾಟ್ಸ್‌ಆ್ಯಪ್ ಗುಂಪು ರಾತ್ರಿ ಹನ್ನೊಂದಕ್ಕೂ ಮಗುವಿನ ಹಾಸಿಗೆಯ ತನಕ ಬರುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿಯೇ ರ‍್ಯಾಗಿಂಗ್ ನಿಷೇಧವಿತ್ತು. 2009ರ ಮಾರ್ಚಿಯಲ್ಲಿ ಹಿಮಾಚಲ ಪ್ರದೇಶದ ವೈದ್ಯ ವಿದ್ಯಾರ್ಥಿ ಅಮನ್ ಕಾಚ್ರೂ ಹಿರಿಯ ವಿದ್ಯಾರ್ಥಿಗಳ ಏಟಿಗೆ ಬಲಿಯಾದ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಠಿಣ ನಿಯಮಗಳು ಬಂದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೂಗು ಹಿಡಿಸಿ ಹೊಡೆಸುವ ಮೇಷ್ಟರು ಇಂದು ಅಪರಾಧಿ. ಆದರೆ ಒಂಬತ್ತನೆಯ ತರಗತಿಯ ಹುಡುಗಿಯ ಬಣ್ಣವನ್ನು ಕುರಿತು ಅವಳ ಗೆಳತಿಯರು ಇಟ್ಟ ಅಡ್ಡಹೆಸರನ್ನು ಯಾವ ವಿಧಿಯ ಕೆಳಗೆ ದಾಖಲಿಸುವಿರಿ? ಅಲ್ಲಿ ಕಾನೂನಿಗಿಂತ ಮನೆ ಹತ್ತಿರದಲ್ಲಿದೆ.

ಮನೆ ಏನು ಮಾಡಬಲ್ಲದು ಎಂಬುದಕ್ಕೂ ಉತ್ತರ ಸಿಕ್ಕಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1994-95ರಲ್ಲಿ ಹುಟ್ಟಿದ ಅವಳಿ ಮಕ್ಕಳಿದ್ದ 1,116 ಕುಟುಂಬಗಳನ್ನು ಸಂಶೋಧಕರು ವರ್ಷಗಳ ಕಾಲ ಗಮನಿಸಿದರು. ಪೀಡನೆಗೊಳಗಾದ ಮಕ್ಕಳಲ್ಲಿ ಚೇತರಿಸಿಕೊಂಡವರು ಯಾರೆಂದು ನೋಡಿದಾಗ ಮೂರು ಸಂಗತಿಗಳು ಎದ್ದು ಕಂಡವು: ತಾಯಿಯ ಆಪ್ತತೆ, ಒಡಹುಟ್ಟಿದವರ ಆಪ್ತತೆ, ಮನೆಯ ನೆಮ್ಮದಿಯ ವಾತಾವರಣ. ತಾಯಿಯು ಶಾಲೆಗೆ ಹೋಗಿ ಜಗಳವಾಡಿದ್ದಾಗಲಿ, ತಂದೆಯು ‘ನೀನೂ ತಿರುಗಿ ಬಾರಿಸು’ ಎಂದು ಹೇಳಿಕೊಟ್ಟದ್ದಾಗಲಿ ಆ ಪಟ್ಟಿಯಲ್ಲಿಲ್ಲ. ಅಣ್ಣನು ತಂಗಿಯ ಮಾತನ್ನು ಕೇಳಿಸಿಕೊಂಡದ್ದು ಇದೆ. ನಮ್ಮ ಮನೆಗಳಲ್ಲಿ ಶಾಲೆಯಿಂದ ಬಂದ ಮಗುವಿಗೆ ಮೊದಲ ಪ್ರಶ್ನೆ ಅಂಕಗಳದ್ದು. ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕ ಕುಳಿತಿದ್ದೆ ಎಂದು ಕೇಳಿ ನೋಡಿರಿ. ‘ಯಾರ ಪಕ್ಕವೂ ಇಲ್ಲ’ ಎಂಬ ಉತ್ತರ ಮೂರು ದಿನ ಬಂದರೆ ತರಗತಿಯ ಉಪಾಧ್ಯಾಯರನ್ನು, ಕೋಪವಿಲ್ಲದೆ, ಕಾಣಿರಿ.

ಈಗಾಗಲೇ ದೊಡ್ಡವರಾದ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಕೂಪರನ ಕಾಲದಲ್ಲಿ ಕಾಟನ್‌ರಂಥ ಕರುಣಾಳು ವೈದ್ಯರು ಬೆರಳೆಣಿಕೆಯಷ್ಟಿದ್ದರು. ಇಂದು ತುಮಕೂರಿನಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಜಿಲ್ಲಾ ಮಟ್ಟದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶಾಲೆಯ ಮಕ್ಕಳಿಗೆ 1098, ಕಾಲೇಜಿನ ರ‍್ಯಾಗಿಂಗ್ ದೂರಿಗೆ 1800-180-5522. ಈ ಮೂರು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಅಂಚಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ, ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿಡಿರಿ.